ಅಂಗೈಗಿಂತ ಚಿಕ್ಕ ಕಟಲ್‌ಫಿಶ್: ಮರಿಯೋ, ಬೆಳೆದದ್ದೋ?

ಪ್ರಶ್ನೆ: ಮೇಡಂ, ನಾನು ಉಡುಪಿ ಕಡೆಯವನು, ಈಗ ಬಾರ್ಸಿಲೋನಾದಲ್ಲಿದ್ದೇನೆ. ಇಲ್ಲಿನ ಮೀನು ಮಾರ್ಕೆಟ್‌ನಲ್ಲಿ ಅಂಗೈಗಿಂತ ಚಿಕ್ಕ, ಸ್ವಲ್ಪ ಗುಲಾಬಿ ಬಣ್ಣದ ಕಟಲ್‌ಫಿಶ್ (ಸ್ಕ್ವಿಡ್ ಬಳಗದ ಕಡಲ ಪ್ರಾಣಿ) ಸಿಗುತ್ತದೆ. ಆಳದಲ್ಲಿ ಟ್ರಾಲ್ ಬಲೆಗೆ, ಅಂದರೆ ಬೋಟ್ ಕಡಲ ತಳದಲ್ಲಿ ಎಳೆದೊಯ್ಯುವ ಬಲೆಗೆ, ಬಿದ್ದದ್ದು ಅಂತಾರೆ. ಇವು ಮರಿಗಳಾ? ಹಾಗಿದ್ದರೆ ಕೊಳ್ಳೋಕೆ ಮನಸ್ಸಿಲ್ಲ.

ಉತ್ತರ (ಕಡಲ ಜೀವಿಗಳ ಸಂಶೋಧಕಿ): ಮರಿಗಳೇ ಆಗಿರಬೇಕಿಲ್ಲ. ಮೆಡಿಟರೇನಿಯನ್‌ನಲ್ಲಿ ಚಿಕ್ಕದಾಗಿಯೇ ಉಳಿಯುವ ಎರಡು ಜಾತಿಗಳಿವೆ. ಸೆಪಿಯಾ ಎಲೆಗನ್ಸ್ ಪೂರ್ತಿ ಬೆಳೆದರೂ ಮೈಯುದ್ದ, ಅಂದರೆ ತಲೆ, ಕೈ ಬಿಟ್ಟು, ಸುಮಾರು 9 ಸೆಂ.ಮೀ. ಅಷ್ಟೇ. ಸೆಪಿಯಾ ಆರ್ಬಿನ್ಯಾನಾ ಸುಮಾರು 12 ಸೆಂ.ಮೀ. ಒಂದೇ ಬಲೆಗೆ ಬೀಳುತ್ತವೆ, ಒಂದೇ ಬುಟ್ಟಿಯಲ್ಲಿ ಮಾರಾಟವಾಗುತ್ತವೆ.

ಗುರುತಿಸೋದು ಮನೆಯಲ್ಲೇ ಆಗುತ್ತೆ. ಒಳಗಿನ ಬಿಳಿ ಮೂಳೆ ತೆಗೆದು ಹಿಂಬದಿಯ ತುದಿ ನೋಡಿ. ಚೂಪಾದ ಮುಳ್ಳು ಎದ್ದು ಕಂಡರೆ ಆರ್ಬಿನ್ಯಾನಾ. ಮುಳ್ಳಿಲ್ಲದೆ ಮೂಳೆ ಸಪೂರವಾಗಿದ್ದರೆ ಎಲೆಗನ್ಸ್. ಮೂಳೆ ಅಗಲವಾಗಿದ್ದರೆ ಮಾತ್ರ ಅದು ದೊಡ್ಡ ಜಾತಿಯಾದ ಸೆಪಿಯಾ ಅಫಿಸಿನಾಲಿಸ್‌ನ ಮರಿ ಇರಬಹುದು. ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಕಂಡರಂತೂ ಅನುಮಾನವೇ ಬೇಡ, ಅದು ಬೆಳೆದ ಹೆಣ್ಣು.

ಇವು ಇರೋದು ಮರಳು, ಕೆಸರು ಬೆರೆತ ತಳದಲ್ಲಿ. ಎಲೆಗನ್ಸ್ ಸುಮಾರು 500 ಮೀಟರ್ ಆಳದವರೆಗೂ ಸಿಕ್ಕಿದೆ. ಚಳಿಗಾಲದಲ್ಲಿ ಆಳಕ್ಕಿಳಿದು, ವಸಂತ, ಬೇಸಿಗೆಯಲ್ಲಿ ದಡದ ಕಡೆಗೆ ಬರುತ್ತದೆ. ಕೆಸರಿನಲ್ಲಿ ಮೊಟ್ಟೆ ಅಂಟಿಸೋಕೆ ಏನೂ ಸಿಗಲ್ಲ ಅಲ್ವಾ? ಅದಕ್ಕೇ ಮೆತ್ತನೆ ಹವಳ, ಖಾಲಿ ಚಿಪ್ಪು ಹುಡುಕಿ ಅದಕ್ಕೆ ಅಂಟಿಸುತ್ತದೆ. ಟ್ರಾಲ್ ಬಲೆ ಆ ಹವಳವನ್ನೂ ಕಿತ್ತು ತರುತ್ತದೆ. ನನ್ನನ್ನು ಕೇಳಿದರೆ, ಗಾತ್ರಕ್ಕಿಂತ ಜಾಸ್ತಿ ಯೋಚಿಸಬೇಕಾದ್ದು ಇದನ್ನೇ.

ಇನ್ನೊಬ್ಬ ಸದಸ್ಯರು: ಆ ಮೂಳೆಯನ್ನೇ ನಾನು ನಮ್ಮ ಗಿಳಿಗೆ ಕೊಡೋದು. ಉಗುರಲ್ಲಿ ಗೀರಿದರೂ ಪುಡಿ ಉದುರುತ್ತೆ. 500 ಮೀಟರ್ ಆಳದಲ್ಲಿ ಚೂರಾಗಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಇವು ಎಲ್ಲಿಯವರೆಗೆ ಇಳಿಯಬಹುದು ಅನ್ನೋದನ್ನು ತೀರ್ಮಾನಿಸೋದೇ ಆ ಮೂಳೆ. ಅದು ಮಾಳಿಗೆ ಮೇಲೆ ಮಾಳಿಗೆ ಕಟ್ಟಿದ ಹಾಗಿದೆ: ತೆಳ್ಳನೆ ಸುಣ್ಣದ ಹಾಳೆಗಳು, ನಡುವೆ ಸಣ್ಣ ಸಣ್ಣ ಕಂಬಗಳು. ಕೋಣೆಗಳಲ್ಲಿ ಒಂದಿಷ್ಟು ದ್ರವ, ಉಳಿದದ್ದು ಅನಿಲ. ದ್ರವವನ್ನು ಹೊರಗೆಳೆದರೆ ಪ್ರಾಣಿ ಹಗುರ, ಒಳಗೆ ಬಿಟ್ಟರೆ ಭಾರ. ಇದನ್ನು 1961ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್. ಒಳಗಿನ ಅನಿಲದ ಒತ್ತಡ ಒಂದು ಅಟ್ಮಾಸ್ಫಿಯರ್‌ಗಿಂತಲೂ, ಅಂದರೆ ಕಡಲ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತಲೂ, ಕಡಿಮೆ ಅಂತಲೂ ಅವರೇ ತೋರಿಸಿದರು.

ಈಗ ಲೆಕ್ಕ ಹಾಕಿ. ಪ್ರತಿ 10 ಮೀಟರಿಗೆ ಒಂದು ಅಟ್ಮಾಸ್ಫಿಯರ್ ಏರುತ್ತದೆ. 400 ಮೀಟರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋ ಭಾರ. ಒಳಗಿನಿಂದ ತಡೆಯೋಕೆ ಅನಿಲದ ಬಲ ಇಲ್ಲ, ಎಲ್ಲವನ್ನೂ ಸುಣ್ಣದ ಗೋಡೆಯೇ ಹೊರಬೇಕು. ದಡದ ಹತ್ತಿರ ಬದುಕುವ ಅಫಿಸಿನಾಲಿಸ್‌ನ ಮೂಳೆ 200 ಮೀಟರ್ ಆಸುಪಾಸಿನ ಒತ್ತಡಕ್ಕೇ ಕುಸಿಯುತ್ತದೆ. ಆಳದ ಜಾತಿಗಳಲ್ಲಿ ಹಾಳೆಗಳು ಒತ್ತೊತ್ತಾಗಿರುತ್ತವೆ, ಹಾಗಾಗಿ ಇನ್ನೂ ಕೆಳಗೆ ತಾಳುತ್ತವೆ.

ಆದರೆ ಅದಕ್ಕೂ ಮಿತಿ ಇದೆ. ಸಾವಿರಾರು ಮೀಟರ್ ಆಳದ ಸಾಗರತಳದಲ್ಲಿ ಕಟಲ್‌ಫಿಶ್ ಇಲ್ಲವೇ ಇಲ್ಲ. ಅಮೆರಿಕದ ಎರಡೂ ಕರಾವಳಿಗಳಲ್ಲಿ ಇವು ಕಾಣದಿರೋದಕ್ಕೆ ನಡುವಿನ ಆ ಆಳವೂ ಒಂದು ಕಾರಣ ಅಂತ ನಾವು ನಂಬುತ್ತೇವೆ.

ಗಟ್ಟಿ ಮೂಳೆಯಿಂದ ಒಂದು ಲಾಭವೂ ಇದೆ. ಆಳದಿಂದ ಬಲೆ ಎಳೆದಾಗ ಎಷ್ಟೋ ಮೀನುಗಳು ಗಾಳಿಚೀಲ ಉಬ್ಬಿ ಬರುತ್ತವೆ, ನೋಡಿರಬಹುದು. ಇವು ಹಾಗೆ ಉಬ್ಬೋದಿಲ್ಲ.

ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಟ್ರಾಲ್ ಬೋಟ್. ಈ ಎರಡು ಜಾತಿ ನಮ್ಮಲ್ಲೂ ಇವೆಯಾ ಮೇಡಂ?

ಉತ್ತರ: ಇಲ್ಲ ಅಣ್ಣ. ಇವು ಮೆಡಿಟರೇನಿಯನ್ ಮತ್ತು ಪೂರ್ವ ಅಟ್ಲಾಂಟಿಕ್‌ನವು. ನಿಮ್ಮ ಬಲೆಗೆ ಬೀಳುವ ದೊಡ್ಡದು ಸೆಪಿಯಾ ಫರೋನಿಸ್, 40 ಸೆಂ.ಮೀ.ವರೆಗೂ ಬೆಳೆಯುತ್ತದೆ, ಹೆಚ್ಚಾಗಿ 100 ಮೀಟರ್ ಒಳಗೇ ಇರುತ್ತದೆ. ಚಿಕ್ಕದು ಬೇಕಂದರೆ ಸೆಪಿಯೆಲ್ಲಾ ಇನರ್ಮಿಸ್ ಇದೆ, ಅದೂ ಆಳದ್ದಲ್ಲ, ದಡದ ಹತ್ತಿರದ್ದು.

ಎರಡೂ ಕಡಲುಗಳ ಆಳದ ನೀರೇ ಬೇರೆ ಬೇರೆ ಥರ. ಮೆಡಿಟರೇನಿಯನ್‌ನಲ್ಲಿ ಎಷ್ಟು ಕೆಳಗೆ ಹೋದರೂ ನೀರು ಸುಮಾರು 13 ಡಿಗ್ರಿ, ಆಮ್ಲಜನಕಕ್ಕೂ ಅಷ್ಟೇನು ಕೊರತೆ ಇಲ್ಲ. ನಮ್ಮ ಅರಬ್ಬಿ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್‌ವರೆಗೆ ಆಮ್ಲಜನಕ ತೀರಾ ಕಡಿಮೆ ಇರುವ ಪದರವಿದೆ. ಮಳೆಗಾಲದ ಕೊನೆಯಲ್ಲಿ ಅಂಥ ನೀರು ದಡದ ಕಡೆಗೂ ಏರಿ ಬರುತ್ತದೆ. ಇಲ್ಲಿ ಆಳಕ್ಕಿಳಿಯೋ ಪ್ರಾಣಿ ಒತ್ತಡದ ಜೊತೆಗೆ ಉಸಿರಿನ ತೊಂದರೆಯನ್ನೂ ತಾಳಬೇಕು.