ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆಯನ್ನು ಚಹಾಕ್ಕೆ ಹಾಕಬಹುದೇ? ನೀಲಗಿರಿ ಎಣ್ಣೆ, ಕಷಾಯದ ಬಗ್ಗೆಯೂ ಪ್ರಶ್ನೆಗಳಿವೆ

ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ಊಟಿಯಿಂದ ತಂದ 50 ಮಿಲಿ ನೀಲಗಿರಿ ಎಣ್ಣೆ ಮತ್ತು 10 ಮಿಲಿ ಮಜ್ಜಿಗೆ ಹುಲ್ಲಿನ ಎಸೆನ್ಶಿಯಲ್ ಆಯಿಲ್ (ಬಟ್ಟಿ ಇಳಿಸಿದ ಪರಿಮಳದ ಎಣ್ಣೆ) ಮನೆಯಲ್ಲಿವೆ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲಿನ ಎರಡು ಪೊದೆಗಳೂ ಇವೆ. ನನ್ನ ಪ್ರಶ್ನೆಗಳು ಇಷ್ಟು.

ಹುಲ್ಲು ಕತ್ತರಿಸಿ ಕುದಿಸುವ ಬದಲು ಒಂದು ಹನಿ ಎಣ್ಣೆಯನ್ನೇ ಚಹಾಕ್ಕೆ ಬಿಟ್ಟರೆ ಆಗುತ್ತದೆಯೇ? ಮೈಗೆ ಹಚ್ಚುವುದಾದರೆ ಕೊಬ್ಬರಿ ಎಣ್ಣೆಯಲ್ಲಿ ಎಷ್ಟು ಹನಿ? ಮನೆಯಲ್ಲೇ ಹುರಿದು ಮಾಡಿದ ಕಷಾಯದ ಪುಡಿ ಕಹಿಯಾಗುತ್ತದೆ, ಹಾಲು ಹಾಕಿದರೆ ಕೆಲವು ಸಲ ಒಡೆಯುತ್ತದೆ, ಏಕೆ? ಅತ್ತೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಷಾಯಕ್ಕೆ ಜ್ಯೇಷ್ಠಮಧು, ಅಮೃತಬಳ್ಳಿ ಸೇರಿಸೋಣ ಅನ್ನುತ್ತಿದ್ದಾರೆ. ಒಂದೂವರೆ ವರ್ಷದ ಮಗುವಿಗೆ ನೆಗಡಿಯಾದಾಗ ನೀಲಗಿರಿ ಎಣ್ಣೆಯ ಹಬೆ ಕೊಡಬಹುದೇ?

ಬಟ್ಟಿಮನೆ:
ಮೊದಲ ಪ್ರಶ್ನೆಗೆ ಉತ್ತರ: ಬೇಡ. ಬಟ್ಟಲಿಗೆ ಎಲೆ, ಮೂಗಿಗೆ ಮತ್ತು ಚರ್ಮಕ್ಕೆ ಎಣ್ಣೆ. ಎರಡನ್ನೂ ಬೆರೆಸಬೇಡಿ.

ಲೆಕ್ಕ ಹೀಗಿದೆ. 100 ಕಿಲೋ ಹಸಿ ಮಜ್ಜಿಗೆ ಹುಲ್ಲನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಸಿಗುವ ಎಣ್ಣೆ ಹೆಚ್ಚೂಕಡಿಮೆ 300ರಿಂದ 500 ಗ್ರಾಂ. ಅಂದರೆ ಒಂದು ಹನಿಯಲ್ಲಿ ಸುಮಾರು 10 ಗ್ರಾಂ ಹುಲ್ಲಿನಿಂದ ಬರುವಷ್ಟು ಎಣ್ಣೆಯಿದೆ. ಒಂದು ಲೋಟ ಚಹಾಕ್ಕೆ ಬೇಕಾಗುವುದು 3-4 ಗ್ರಾಂ ಹುಲ್ಲು, ಅದರಲ್ಲಿರುವ ಎಣ್ಣೆಯೂ ಪೂರ್ತಿ ನೀರಿಗೆ ಇಳಿಯುವುದಿಲ್ಲ. ಪ್ರಮಾಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಎಣ್ಣೆ ನೀರಿನಲ್ಲಿ ಕರಗದೆ ಮೇಲೆ ತೇಲುತ್ತದೆ. ಮೊದಲ ಗುಟುಕಿನಲ್ಲೇ ಅಪ್ಪಟ ಎಣ್ಣೆ ತುಟಿಗೆ, ನಾಲಿಗೆಗೆ ತಾಗಿ ಉರಿಯುತ್ತದೆ. ಈ ಎಣ್ಣೆಯ ಮುಕ್ಕಾಲು ಪಾಲು ಸಿಟ್ರಾಲ್, ಚರ್ಮವನ್ನು ಕೆರಳಿಸುವ ವಸ್ತು.

ಹಿತ್ತಲಲ್ಲೇ ಹುಲ್ಲು ಇರುವಾಗ ಚಹಾ ಮಾಡುವುದು ಸುಲಭ. ಎರಡು ಉದ್ದ ಗರಿಗಳನ್ನು ಕತ್ತರಿಯಿಂದ ಎರಡು ಸೆಂಟಿಮೀಟರ್ ತುಂಡು ಮಾಡಿ. ಬುಡದ ಬಿಳಿ ಭಾಗ ಇದ್ದರೆ ಜಜ್ಜಿಕೊಳ್ಳಿ, ಪರಿಮಳ ಅಲ್ಲೂ ಚೆನ್ನಾಗಿರುತ್ತದೆ. 250 ಮಿಲಿ ನೀರು ಕುದಿಯುವಾಗ ಹುಲ್ಲು ಹಾಕಿ, ಒಂದೇ ನಿಮಿಷ ಬಿಟ್ಟು ಒಲೆ ಆರಿಸಿ, ಮುಚ್ಚಳ ಮುಚ್ಚಿ 6-7 ನಿಮಿಷ ಇಡಿ. ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ಪಾತ್ರೆಗೇ ಬೀಳಿಸಿ, ಪರಿಮಳ ಅದರಲ್ಲಿರುತ್ತದೆ. ಮುಚ್ಚದೆ ಹತ್ತು ನಿಮಿಷ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಬರೀ ಹುಲ್ಲಿನ ರುಚಿ ಉಳಿಯುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆಗೂ ಇದೇ ಕ್ರಮ. ಬೇರು, ತೊಗಟೆ, ಬೀಜಗಳಾದರೆ ಮಾತ್ರ ಕುದಿಸಲೇಬೇಕು. ಶುಂಠಿ ಹಾಕುವುದಿದ್ದರೆ ಮೊದಲು ಶುಂಠಿಯನ್ನು ಐದು ನಿಮಿಷ ಕುದಿಸಿ, ಆಮೇಲೆ ಎಲೆ. ಗರಿಯ ಅಂಚು ಹರಿತ, ನಾರು ಗಂಟಲಿಗೆ ಚುಚ್ಚುತ್ತದೆ. ಸಣ್ಣ ಕಣ್ಣಿನ ಜಾಲರಿಯಲ್ಲೇ ಸೋಸಿ.

ಮೈಗೆ ಹಚ್ಚಲು: 20 ಹನಿಗೆ ಒಂದು ಮಿಲಿ ಎಂದು ಹಿಡಿಯಿರಿ. 30 ಮಿಲಿ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ 6 ಹನಿ ಹಾಕಿದರೆ ಶೇ 1 ಆಯಿತು. ನೀಲಗಿರಿಗೆ ಇದು ಸರಿ, ದೊಡ್ಡವರ ಮಂಡಿನೋವಿಗೆ 12 ಹನಿಯವರೆಗೂ ಹೋಗಬಹುದು. ಮಜ್ಜಿಗೆ ಹುಲ್ಲಿಗೆ 4 ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಆ ಎಣ್ಣೆ ನಿಮಗಲ್ಲ. ಉರಿ ಹತ್ತಿದಾಗ ನೀರು ಹೊಯ್ದುಕೊಂಡರೆ ಎಣ್ಣೆ ಹರಡುತ್ತದೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ನಂತರ ಸೋಪಿನಿಂದ ತೊಳೆಯಿರಿ.

ಊಟಿಯ ಬಾಟಲಿ ಅಪ್ಪಟವೇ ಎಂದು ಒರಟಾಗಿ ಪರೀಕ್ಷಿಸಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಬಿಡಿ. ನೀಲಗಿರಿ ಎಣ್ಣೆ ಪೂರ್ತಿ ಆರಿಹೋಗಬೇಕು. ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆಯನ್ನೋ ಬೇರೆ ಜಿಡ್ಡೆಣ್ಣೆಯನ್ನೋ ಬೆರೆಸಿದ್ದಾರೆ. ಟರ್ಪೆಂಟೈನ್ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಗಂಧ, ಲಾವಂಚದಂಥ ಮಂದ ಎಣ್ಣೆಗಳಿಗೂ ಇದು ನಡೆಯದು, ಅವು ಅಷ್ಟು ಬೇಗ ಆರುವುದಿಲ್ಲ. ಇನ್ನು ಅಂಗಡಿಯಲ್ಲಿ ಗಂಧದೆಣ್ಣೆಯೂ ಮಜ್ಜಿಗೆ ಹುಲ್ಲಿನ ಎಣ್ಣೆಯೂ ಒಂದೇ ಬೆಲೆಗೆ ಸಿಗುತ್ತಿದ್ದರೆ ಅದು ಗಂಧದ ವಾಸನೆಯ ರಾಸಾಯನಿಕ ಅಷ್ಟೇ.

ಸಾಂಬಾರಬಟ್ಟಲು:
ಕಷಾಯ ಕಹಿಯಾಗಲು ಕಾರಣ ಬಹುಪಾಲು ಮೆಂತ್ಯ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದು ಹುರಿದರೆ, ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಮೆಂತ್ಯ, ಜೀರಿಗೆ ಸೀದಿರುತ್ತವೆ.

ಅಳತೆ: ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50, ಸೋಂಪು 25, ಒಣಶುಂಠಿ 15, ಕಾಳುಮೆಣಸು 10, ಮೆಂತ್ಯ 10 ಗ್ರಾಂ ಮೀರದಂತೆ, ಏಲಕ್ಕಿ ಏಳೆಂಟು, ಜಾಯಿಕಾಯಿ ಕಾಲು ಭಾಗ ಮಾತ್ರ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಒಂದೊಂದನ್ನೇ ಹುರಿಯಿರಿ. ಕೊತ್ತಂಬರಿಗೆ ನಾಲ್ಕೈದು ನಿಮಿಷ, ಜೀರಿಗೆಗೆ ಒಂದೂವರೆ, ಮೆಂತ್ಯ ತುಸು ಕೆಂಪಗಾದ ಕೂಡಲೇ ತಟ್ಟೆಗೆ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ತಳದ ಕಾವಿಗೆ ಸೀಯುತ್ತದೆ. ಏಲಕ್ಕಿ, ಜಾಯಿಕಾಯಿ ಹುರಿಯಬೇಡಿ, ಪುಡಿ ಮಾಡುವಾಗ ಸೇರಿಸಿ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗ ಬೀಸಿ ಡಬ್ಬಿಗೆ ತುಂಬಿದರೆ ಒಳಗೆ ನೀರಾಡಿ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಂತೂ ಬೂಸಲು ಬರುತ್ತದೆ. ಒಂದು ತಿಂಗಳಿಗೆ ಆಗುವಷ್ಟೇ ಮಾಡಿಕೊಳ್ಳಿ.

ಒಂದು ಲೋಟಕ್ಕೆ 200 ಮಿಲಿ ನೀರು, ಒಂದು ಟೀ ಚಮಚ ಪುಡಿ, ಮೂರು ನಿಮಿಷ ಕುದಿತ. ಹಾಲು ಒಡೆಯುವುದಕ್ಕೆ ಎರಡು ಕಾರಣಗಳಿವೆ. ಕೆಲವು ಬೆಲ್ಲ ಹುಳಿಯಾಗಿರುತ್ತದೆ. ಹಸಿಶುಂಠಿಯಲ್ಲಿ ಹಾಲನ್ನು ಗಟ್ಟಿಮಾಡುವ ಕಿಣ್ವ ಇರುತ್ತದೆ, ಶುಂಠಿ ಚೆನ್ನಾಗಿ ಕುದಿದರೆ ಅದು ಸಾಯುತ್ತದೆ. ಹಾಗಾಗಿ ಬೆಲ್ಲ ಕರಗಿದ ಮೇಲೆ ಒಲೆ ಆರಿಸಿ, ಸೋಸಿ, ಒಂದು ನಿಮಿಷ ಬಿಟ್ಟು ಕಾದ ಹಾಲು 50 ಮಿಲಿ ಬೆರೆಸಿ. ಮತ್ತೆ ಕುದಿಸಬೇಡಿ.

ಔಷಧಿಪೆಟ್ಟಿಗೆ:
ಮಗುವಿನ ವಿಷಯ ಮೊದಲು. ಒಂದೂವರೆ ವರ್ಷದ ಮಗುವಿಗೆ ನೀಲಗಿರಿ ಎಣ್ಣೆಯ ಹಬೆಯೂ ಬೇಡ, ಎದೆಗೆ ಹಚ್ಚುವುದೂ ಬೇಡ, ದಿಂಬಿಗೆ ಹನಿಸುವುದೂ ಬೇಡ. ಇಷ್ಟು ಚಿಕ್ಕ ಮಕ್ಕಳಲ್ಲಿ ತೀಕ್ಷ್ಣ ವಾಸನೆ ಶ್ವಾಸನಾಳವನ್ನು ಬಿಗಿಯುವಂತೆ ಮಾಡಬಹುದು. ಬಿಸಿನೀರಿನ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯ ಬೇರೆ. ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕುವ ರೂಢಿ ಇದ್ದರೆ ಅದನ್ನೂ ಬಿಡಿ. ಕಲ್ಲುಸಕ್ಕರೆಯಂತೆ ಕಾಣುವ ಕರ್ಪೂರವನ್ನು ಮಗು ಬಾಯಿಗೆ ಹಾಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಮೂಗು ಕಟ್ಟಿದ್ದರೆ ಸಲೈನ್ (ಉಪ್ಪುನೀರಿನ) ಮೂಗಿನ ಹನಿ ಸಾಕು. ಉಸಿರಾಟ ವೇಗವಾದರೆ, ಪಕ್ಕೆ ಒಳಕ್ಕೆ ಸೆಳೆದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ.

ಆ 50 ಮಿಲಿ ಬಾಟಲಿಯನ್ನು ಇವತ್ತೇ ಎತ್ತರದಲ್ಲಿ, ಬೀಗ ಹಾಕುವ ಕಡೆ ಇಡಿ. ಒಂದು ಟೀ ಚಮಚ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಮಗುವಿನ ಪ್ರಾಣಕ್ಕೆ ಅಪಾಯ. ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಜೊತೆಗೇ ಒಯ್ಯಿರಿ.

ದೊಡ್ಡವರು ಹಬೆ ತೆಗೆದುಕೊಳ್ಳುವುದಾದರೆ: ಕುದಿದ ಒಂದು ಲೀಟರ್ ನೀರನ್ನು ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟು, 2 ಹನಿ ಹಾಕಿ, ಕಣ್ಣು ಮುಚ್ಚಿ, ಒಂದು ಅಡಿ ದೂರದಿಂದ ಐದು ನಿಮಿಷ. ಮೂಗು ಬಿಟ್ಟಂತೆ ಅನಿಸುತ್ತದೆ. ನೆಗಡಿ ತನ್ನ ದಿನ ಮುಗಿಸಿಯೇ ಹೋಗುತ್ತದೆ. ಆಸ್ತಮಾ ಇರುವವರು ಬೇಡ.

ನಿಮ್ಮ ಅತ್ತೆಯವರಿಗೆ ಜ್ಯೇಷ್ಠಮಧು ಖಂಡಿತ ಬೇಡ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ನೀರು ಇಳಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇನ್ನಷ್ಟು ಕುಸಿಯುತ್ತದೆ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯುವುದೂ ಸರಿಯಲ್ಲ. ಕೋವಿಡ್ ಕಾಲದಲ್ಲಿ ದಿನವೂ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾರ ಮಾತು ಸರಿಯಾದರೂ, ಗ್ರಂಧಿಗೆ ಅಂಗಡಿಯ ಒಣ ತುಂಡು ನೋಡಿ ಯಾವ ಬಳ್ಳಿ ಎಂದು ಗುರುತಿಸುವುದು ನಮ್ಮಿಂದ ಆಗದ ಕೆಲಸ. ಮೇಲೆ ಹೇಳಿದ ಕೊತ್ತಂಬರಿ-ಜೀರಿಗೆ ಕಷಾಯ ಅವರಿಗೆ ಸಾಕು. ಸಕ್ಕರೆ ಕಾಯಿಲೆಯೂ ಇದ್ದರೆ ಬೆಲ್ಲ ಬಿಡಲಿ, ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ.

ಹೊಳೆಬದಿ:
ಮೂವರಿಗೂ ಧನ್ಯವಾದ. ಬಾಟಲಿಗಳನ್ನು ಮೇಲಿನ ಕಪಾಟಿಗೆ ಹಾಕಿ ಬೀಗ ಹಾಕಿದ್ದಾಯಿತು. ಎರಡು ಪ್ರಶ್ನೆ ಉಳಿದಿವೆ. ಹನಿಯನ್ನು ಜೇನುತುಪ್ಪದಲ್ಲಿ ಕಲಸಿ ಚಹಾಕ್ಕೆ ಹಾಕಿದರೆ ಕರಗುತ್ತದೆ ಎನ್ನುತ್ತಾರೆ, ನಿಜವೇ? ಮಜ್ಜಿಗೆ ಹುಲ್ಲಿನ ಬಾಟಲಿ ತೆರೆದು ಎರಡು ವರ್ಷವಾಗಿದೆ, ಅರ್ಧ ಖಾಲಿ. ಇನ್ನೂ ಬಳಸಬಹುದೇ?

ಬಟ್ಟಿಮನೆ:
ಜೇನುತುಪ್ಪದಲ್ಲಿರುವುದು ಸಕ್ಕರೆ ಮತ್ತು ನೀರು. ಎಣ್ಣೆ ಅದರಲ್ಲಿ ಕರಗುವುದಿಲ್ಲ, ಅಂಟಿಕೊಂಡಿರುತ್ತದೆ ಅಷ್ಟೇ. ಬಿಸಿನೀರಿಗೆ ಬಿದ್ದೊಡನೆ ಬಿಟ್ಟುಕೊಂಡು ಮೇಲೆ ಬರುತ್ತದೆ. ಸ್ನಾನದ ಬಕೆಟ್ಟಿಗೆ ನೇರವಾಗಿ ಹನಿಸುವುದೂ ಇದೇ ಕಾರಣಕ್ಕೆ ತಪ್ಪು.

ಎರಡು ವರ್ಷದ ಬಾಟಲಿಯನ್ನು ಮೈಗೆ ಹಚ್ಚಬೇಡಿ. ಅರ್ಧ ಖಾಲಿ ಬಾಟಲಿಯಲ್ಲಿ ಗಾಳಿ ತುಂಬಿ ಎಣ್ಣೆ ಆಕ್ಸಿಡೈಸ್ ಆಗುತ್ತದೆ, ಅಂದರೆ ಗಾಳಿಯ ಆಮ್ಲಜನಕ ತಾಗಿ ಕೆಡುತ್ತದೆ. ಹಾಗಾದ ಎಣ್ಣೆಯಿಂದ ಚರ್ಮಕ್ಕೆ ಅಲರ್ಜಿ ಬರುವ ಸಂಭವ ಹೊಸದಕ್ಕಿಂತ ಹೆಚ್ಚು. ಒಮ್ಮೆ ಬಂದ ಅಲರ್ಜಿ ಬಹುಕಾಲ ಹೋಗುವುದಿಲ್ಲ. ಮುಂದಿನ ಸಲ 5 ಮಿಲಿಯದ್ದೇ ಕೊಳ್ಳಿ, ಕಂದು ಗಾಜಿನ ಬಾಟಲಿಯಲ್ಲಿ, ತೆರೆದ ದಿನಾಂಕವನ್ನು ಚೀಟಿಯ ಮೇಲೆ ಬರೆದು, ತಂಪು ಜಾಗದಲ್ಲಿಡಿ.

ಉಳಿದದ್ದನ್ನು ಚೆಲ್ಲುವ ಅಗತ್ಯವಿಲ್ಲ. ಒಂದು ಚಮಚ ಲಿಕ್ವಿಡ್ ಸೋಪಿನಲ್ಲಿ 10 ಹನಿ ಚೆನ್ನಾಗಿ ಕಲಸಿ, ಅದನ್ನು ಅರ್ಧ ಬಕೆಟ್ ನೀರಿಗೆ ಹಾಕಿ ಬಚ್ಚಲುಮನೆ ತೊಳೆಯಿರಿ. ಸೋಪು ಇಲ್ಲದೆ ಹಾಕಿದರೆ ಎಣ್ಣೆ ನೆಲದಲ್ಲಿ ಅಲ್ಲಲ್ಲಿ ನಿಂತು ಜಾರುತ್ತದೆ. ಮಗು ಅಂಬೆಗಾಲಿಡುವ ನೆಲಕ್ಕೆ ಮಾತ್ರ ಬೇಡ, ಅಲ್ಲಿಗೆ ಬರೀ ಸೋಪುನೀರು.