ಎಂ. ಎಸ್. ಸುಬ್ಬುಲಕ್ಷ್ಮಿಯವರ ಚಿತ್ರಜೀವನ ನಾಲ್ಕೇ ಚಿತ್ರಗಳಿಗೆ ನಿಂತದ್ದೇಕೆ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಎಂ. ಎಸ್. ಸುಬ್ಬುಲಕ್ಷ್ಮಿಯವರನ್ನು ನಮ್ಮಲ್ಲಿ ಬಹಳ ಮಂದಿ ಸುಪ್ರಭಾತದ ದನಿಯಾಗಿಯೇ ಬಲ್ಲರು. ಆದರೆ ಅವರು 1938ರಿಂದ 1945ರ ನಡುವೆ ‘ಸೇವಾಸದನಂ’, ‘ಶಕುಂತಲೈ’, ‘ಸಾವಿತ್ರಿ’, ‘ಮೀರಾ’ ಎಂಬ ನಾಲ್ಕು ತಮಿಳು ಚಿತ್ರಗಳಲ್ಲಿ ನಟಿಸಿ, ಹೆಸರು ಉತ್ತುಂಗದಲ್ಲಿದ್ದಾಗಲೇ ಬಣ್ಣ ಕಳಚಿದರು. ಇದನ್ನು ಕಛೇರಿ ಜೀವನದ ನಡುವೆ ಬಂದುಹೋದ ಸಣ್ಣ ಪ್ರಸಂಗವೆಂದು ನೋಡಬೇಕೆ, ಅಥವಾ ಆ ಅಭಿನಯ ಅವರ ಗಾಯನದಲ್ಲಿಯೂ ಏನನ್ನಾದರೂ ಉಳಿಸಿಹೋಯಿತೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ
ಹಿನ್ನೆಲೆ ಗಾಯನ ಇನ್ನೂ ಬೇರೂರಿರದ ಆ ದಿನಗಳಲ್ಲಿ ಹಾಡಬಲ್ಲವರೇ ನಟಿಸಬೇಕಾಗಿತ್ತು. ಆದ್ದರಿಂದ ಕಛೇರಿ ವೇದಿಕೆಯಿಂದ ಸ್ಟುಡಿಯೋಗೆ ಹೋಗುವುದು ಅಪರೂಪದ ಸಂಗತಿಯೇನಲ್ಲ. ಕೆ. ಸುಬ್ರಹ್ಮಣ್ಯಂ ಅವರು ಪ್ರೇಮಚಂದರ ಕಾದಂಬರಿಯನ್ನು ಆಧರಿಸಿ ‘ಸೇವಾಸದನಂ’ ನಿರ್ದೇಶಿಸಿದಾಗ, ಮುದುಕನೊಬ್ಬನ ಹೆಂಡತಿಯಾಗಿ ನವೆಯುವ ಹುಡುಗಿಯ ಪಾತ್ರ ಇವರಿಗೆ ಬಂತು. 1940ರ ‘ಶಕುಂತಲೈ’ಯಲ್ಲಿ ದುಷ್ಯಂತನಾದವರು ಜಿ. ಎನ್. ಬಾಲಸುಬ್ರಹ್ಮಣ್ಯಂ, ಅಂದರೆ ನಾಯಕ ನಾಯಕಿ ಇಬ್ಬರೂ ಸಂಗೀತ ವಿದ್ವಾಂಸರೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 1941ರ ‘ಸಾವಿತ್ರಿ’. ನಿರ್ದೇಶಕರು ವೈ. ವಿ. ರಾವ್, ಮೊದಲು ತೆರೆಕಂಡ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಅವರದೇ ಎಂಬುದನ್ನು ನಾವು ನೆನೆಯಬೇಕು. ನಾಯಕಿಯ ಪಾತ್ರ ಶಾಂತಾ ಆಪ್ಟೆಯವರದು, ಸುಬ್ಬುಲಕ್ಷ್ಮಿಯವರದು ನಾರದನ ವೇಷ. ಪತಿ ಸದಾಶಿವಂ ಅವರು ಕಲ್ಕಿ ಕೃಷ್ಣಮೂರ್ತಿಯವರೊಡನೆ ‘ಕಲ್ಕಿ’ ಪತ್ರಿಕೆ ಆರಂಭಿಸಲು ಹಣ ಬೇಕಾಗಿತ್ತು. ಆ ಸಂಭಾವನೆ ಅದಕ್ಕೆ ಸಂದಿತು. ಈ ತಂಬೂರಿಧಾರಿ ನಾರದನನ್ನು ಬಂಡವಾಳದ ಲೆಕ್ಕದಲ್ಲಷ್ಟೇ ನೆನೆಯುವುದು ಕಲಾವಿದೆಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಎರಡನೆಯ ಉತ್ತರ
ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ‘ಮೀರಾ’ದಲ್ಲಿದೆ. ನಿರ್ದೇಶಕ ಎಲ್ಲಿಸ್ ಡಂಗನ್ ಅಮೆರಿಕದವರು, ತಮಿಳು ಬಾರದವರು. ನಾಯಕಿಯ ಮುಖಕ್ಕೆ ಬೆಳಕು ಯಾವ ಕೋನದಿಂದ ಬಿದ್ದರೆ ಚೆನ್ನ ಎಂಬುದನ್ನು ತಿಳಿಯಲು ಅವರು ಸುಬ್ಬುಲಕ್ಷ್ಮಿಯವರ ಮುಖದ ಪ್ಲಾಸ್ಟರ್ ಪ್ರತಿಮೆಯೊಂದನ್ನು ಮಾಡಿಸಿ, ಛಾಯಾಗ್ರಾಹಕ ಜಿತೇನ್ ಬ್ಯಾನರ್ಜಿಯವರೊಡನೆ ದೀಪಗಳನ್ನು ಸರಿಸಿ ಸರಿಸಿ ನೋಡಿದರು. ಮಾತಿಗಿಂತ ಮುಖವನ್ನೂ ದನಿಯನ್ನೂ ನಂಬಿದ ಈ ಕ್ರಮದಿಂದಲೇ ಹಾಡಿನ ದೃಶ್ಯಗಳಲ್ಲಿ ಕಣ್ಣು ಅವರ ಮುಖವನ್ನು ಬಿಟ್ಟು ಕದಲುವುದಿಲ್ಲ.

1947ರಲ್ಲಿ ಬಂದ ಹಿಂದಿ ರೂಪದಲ್ಲಿ ಸರೋಜಿನಿ ನಾಯ್ಡು ಅವರೇ ತೆರೆಯ ಮೇಲೆ ಬಂದು ಈ ಗಾಯಕಿಯನ್ನು ಉತ್ತರದ ಪ್ರೇಕ್ಷಕರಿಗೆ ಪರಿಚಯಿಸಿದರು. ದಕ್ಷಿಣದ ಸಭೆಗಳ ವಿದುಷಿ ಅಲ್ಲಿಂದಾಚೆಗೆ ಇಡೀ ದೇಶದ ಮನೆಮಾತಾದರು. ಕೃತಿ, ರಾಗ, ತಾನ, ಪಲ್ಲವಿಗಳೆಲ್ಲ ಮುಗಿದ ಮೇಲೆ ಮೀರಾ ಭಜನೆಗಾಗಿ ಕಾಯುವ ಶ್ರೋತೃವರ್ಗ ಅವರಿಗೆ ದೊರೆಯಿತು. ಆದ್ದರಿಂದ ಈ ನಟನೆಯನ್ನು ಸಣ್ಣ ಪ್ರಸಂಗವೆನ್ನಲು ನಾನು ಒಪ್ಪಲಾರೆ.

ಮೂರನೆಯ ಉತ್ತರ
ಮೇಲಿನವರ ಮಾತಿಗೆ ನನ್ನದೊಂದು ತಕರಾರಿದೆ. ಸಂಭಾಷಣೆಯ ದೃಶ್ಯಗಳಲ್ಲಿ ಅವರು ಎಷ್ಟೋ ಕಡೆ ಸಂಕೋಚದಿಂದ ನಿಂತಂತೆ ಕಾಣುತ್ತಾರೆ; ಹಾಡು ಮೊದಲಾದೊಡನೆ ಮಾತ್ರ ಪಾತ್ರ ಜೀವ ತಳೆಯುತ್ತದೆ. ಅವರನ್ನು ದೊಡ್ಡ ನಟಿಯೆಂದು ಹೊಗಳುವುದಕ್ಕಿಂತ, ಗಾಯನವನ್ನೇ ಅಭಿನಯವಾಗಿಸಿದವರೆಂದು ಗುರುತಿಸುವುದು ಹೆಚ್ಚು ಸರಿ. ಹಿನ್ನೆಲೆ ಗಾಯನ ಬಲಗೊಂಡಂತೆ ಹಾಡುವ ನಟಿಯ ಅಗತ್ಯವೇ ಕುಗ್ಗುತ್ತಿತ್ತು, ಅವರ ವೃತ್ತಿಯ ನಿರ್ಧಾರಗಳೆಲ್ಲ ಸದಾಶಿವಂ ಅವರ ಕೈಯಲ್ಲಿದ್ದವು. ಚಿತ್ರಗಳು ನಾಲ್ಕಕ್ಕೇ ನಿಂತದ್ದರಲ್ಲಿ ಇವೆರಡನ್ನೂ ಗಣಿಸಬೇಕು. ಪ್ರಶ್ನೆ ಕೇಳಿದವರು ‘ಮೀರಾ’ದ ಹಾಡುಗಳನ್ನು ಮೊದಲು ಕಣ್ಮುಚ್ಚಿ ಕೇಳಿ, ಅನಂತರ ದೃಶ್ಯದೊಡನೆ ನೋಡಿದರೆ, ಅಭಿನಯ ಸೇರಿಸಿದ್ದೆಷ್ಟು ಎಂಬುದನ್ನು ತಾವೇ ತೀರ್ಮಾನಿಸಬಹುದು.