ಅಪ್‌ಡೇಟ್: ಅಂಗಾಲಿನ ಮಚ್ಚೆ ತೋರಿಸಿಕೊಂಡು ಬಂದೆ

ಅಂಗಾಲಲ್ಲಿ ಹೊಸದಾಗಿ ಕಪ್ಪು ಮಚ್ಚೆ ಎದ್ದಿದೆ, ಭಯಕ್ಕೆ ನಿದ್ದೆ ಬರುತ್ತಿಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ಚರ್ಮದ ಡಾಕ್ಟರ್ ಹತ್ತಿರ ಹೋಗಿದ್ದೆ. ಡರ್ಮೋಸ್ಕೋಪ್ ಅಂತ, ಲೈಟ್ ಇರುವ ಭೂತಗನ್ನಡಿ, ಅದನ್ನು ಪಾದಕ್ಕೆ ಒತ್ತಿ ನೋಡಿದರು. ಅಂಗಾಲಿನ ಗೆರೆಗಳಲ್ಲಿ ತಗ್ಗು, ಉಬ್ಬು ಇರುತ್ತವೆ ಅಲ್ವಾ? ಬಣ್ಣ ತಗ್ಗಿನ ಸಾಲಿನಲ್ಲಿ ಕೂತಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲವಂತೆ, ಉಬ್ಬಿನ ಮೇಲಿದ್ದರೆ ಕ್ಯಾನ್ಸರ್ ಅನುಮಾನ. ನನ್ನದು ತಗ್ಗಿನದು. ಉಸ್ಸಪ್ಪಾ!

ಆದರೂ ಬಂದಿದ್ದು ಒಳ್ಳೆಯದಾಯಿತು ಅಂದರು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಅಪರೂಪ, ಬಂದರೆ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಜಾಸ್ತಿ.

ದಿನಾ ಟಾರ್ಚ್ ಹಾಕಿ ನೋಡುವುದಕ್ಕೆ ಮಾತ್ರ ಬೈದರು. ದಿನಾ ನೋಡಿದರೆ ಬದಲಾಗದ್ದೂ ಬದಲಾದಂತೆ ಕಾಣುತ್ತದಂತೆ. ಈಗ ತಿಂಗಳಿಗೊಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು ಒಂದು ಫೋಟೋ, ಅಷ್ಟೇ. ಅಂಚು ಅಂಕುಡೊಂಕಾದರೆ, ಬಣ್ಣ ಎರಡು ಮೂರಾದರೆ, 6 ಮಿಲಿಮೀಟರ್ ದಾಟಿದರೆ, ರಕ್ತ ಬಂದರೆ ಸೀದಾ ಹೋಗಬೇಕು. ನಡುವೆ ಕೈ ಸುಮ್ನೆ ಪಾದದ ಕಡೆ ಹೋಗುತ್ತದೆ, ಅದು ಇನ್ನೂ ಪೂರ್ತಿ ನಿಂತಿಲ್ಲ.

ಸುಣ್ಣ ಹಚ್ಚಿ ಸುಟ್ಟುಬಿಡಿ ಅಂದವರಿಗೆ: ಕೇಳಿದೆ. ಡಾಕ್ಟರ್ ಮುಖ ನೋಡಬೇಕಿತ್ತು. ಬೇಡವೇ ಬೇಡ ಅಂದರು.